ಬೆನ್ನು ಮಾತ್ರ ಕಾಣುವ ಕೆಲಸ

ಬೀದಿದೀಪ ಇನ್ನೂ ಆರಿಲ್ಲ. ಮಕ್ಕಳ ಆಸ್ಪತ್ರೆಯ ಹಿಂಬದಿಯ ಉದ್ದನೆಯ ಕೋಣೆಯಲ್ಲಿ ‘ನಡಿಗೆ ಅಕ್ಕ’ ನೆಲದ ಮೇಲೆ ಕೂತು, ಮಕ್ಕಳ ಕಾಲಿಗೆ ಆಸರೆಯಾಗಿ ಕಟ್ಟುವ ಪುಟಾಣಿ ಕ್ಯಾಲಿಪರ್‌ಗಳನ್ನು ಒಂದೊಂದಾಗಿ ಮಡಿಲಿಗೆ ಹಾಕಿಕೊಂಡು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡುತ್ತಿದ್ದಾರೆ. ತಣ್ಣನೆಯ ಲೋಹ ತಗುಲಿದರೆ ಸಾಕು, ಮಕ್ಕಳ ಕಾಲು ಸೆಟೆದುಕೊಳ್ಳುತ್ತದೆ. ಆಮೇಲೆ ಎಷ್ಟು ಗೋಗರೆದರೂ ಬಗ್ಗುವುದಿಲ್ಲ.

ಹುಟ್ಟಿನಿಂದಲೇ ಕಾಲು ಸ್ವಾಧೀನದಲ್ಲಿಲ್ಲದ ಮಕ್ಕಳಿಗೆ ನಡೆಯಲು ಕಲಿಸುವುದು ಅಕ್ಕನ ಕೆಲಸ. ಹಿಂದೆ ಮಂಡಿಯೂರಿ ಮಗುವಿನ ಸೊಂಟ ಹಿಡಿಯಬೇಕು. ಎದುರಿಗೆ ತಾಯಿ ಕೂತಿರಬೇಕು. ಕಾಲು ಗಟ್ಟಿಯಾಯಿತು ಅನ್ನಿಸಿದ ಗಳಿಗೆ ಸದ್ದಿಲ್ಲದೆ ಕೈ ತೆಗೆಯಬೇಕು. ಮೊದಲ ಹೆಜ್ಜೆ ಇಟ್ಟ ಮಗುವಿನ ಮುಖವನ್ನು ಅಕ್ಕ ಒಮ್ಮೆಯೂ ಕಂಡವರಲ್ಲ.

ಹೊಟ್ಟೆಕಿಚ್ಚಾಗುವುದಿಲ್ಲವೇ ಎಂದು ಕೇಳಿದರೆ ಬೇರೆಯವರು ‘ಛೇ ಛೇ, ಎಲ್ಲ ನನ್ನ ಮಕ್ಕಳೇ’ ಎಂದು ಜಾರಿಕೊಳ್ಳುತ್ತಿದ್ದರೇನೋ. ಅಕ್ಕನ ಮಾತು ನೇರ. ‘ಧಗಧಗ ಉರಿಯುತ್ತೆ. ತಿಂಗಳುಗಟ್ಟಲೆ ಬಗ್ಗಿ ಬಗ್ಗಿ ನನ್ನ ಸೊಂಟ ಬಿದ್ದುಹೋಗಿರುತ್ತೆ. ಮಗು ನಗ್ತಾ ಹೋಗೋದು ಮಾತ್ರ ಅಮ್ಮನ ಹತ್ರ. ನಂಗೆ ಸಿಗೋದು ಬೆನ್ನು!’

ನೆಲ ಒರೆಸುವ ಕೆಲಸಕ್ಕೆಂದು ಇಲ್ಲಿಗೆ ಬಂದವರು ಅವರು. ಅಳುವ ಮಕ್ಕಳು ಅವರ ಕೈಗೆ ಬಂದೊಡನೆ ಸುಮ್ಮನಾಗುವುದನ್ನು ಕಂಡ ಡಾಕ್ಟರಮ್ಮ ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿದರು. ಮನೆಯವರು ದರ್ಜಿ. ‘ಹೊಲಿದ ಬಟ್ಟೇನೆಲ್ಲ ನಾನೇ ಹಾಕ್ಕೊಂಡು ಓಡಾಡ್ತೀನಾ?’ ಎಂದು ಹೆಂಡತಿಯನ್ನು ಕಿಚಾಯಿಸುತ್ತಾರೆ.

ಈ ವಾರ ಮಾತ್ರ ಆ ತಮಾಷೆ ಅಕ್ಕನಿಗೆ ರುಚಿಸುತ್ತಿಲ್ಲ. ಕಾರಣ, ನಾಲ್ಕು ವರ್ಷದ ‘ಮೇಡಂ’. ಕುರ್ಚಿಯಲ್ಲಿ ಕೂತೇ ಇಡೀ ಕೋಣೆಗೆ ಅಪ್ಪಣೆ ಕೊಡುವುದರಿಂದ ಬಂದ ಹೆಸರದು. ಕಾಲು ಗಟ್ಟಿಯಾಗಿದೆ. ಆದರೆ ಕೈ ಬಿಟ್ಟೊಡನೆ ಕತ್ತು ತಿರುಗಿಸಿ ಅಕ್ಕನನ್ನು ಹುಡುಕುತ್ತಾಳೆ, ದೊಪ್ಪನೆ ಬೀಳುತ್ತಾಳೆ. ಎದುರಿಗೆ ಕೈ ಚಾಚಿ ಕೂತ ತಾಯಿಯ ಮುಖ ಚಿಕ್ಕದಾಗುತ್ತದೆ.

‘ಮನೇಲಿ ಕನಸಲ್ಲೂ ಅಕ್ಕ ಅಕ್ಕ ಅಂತಾಳೆ’ ಎಂದು ಆ ತಾಯಿ ನಿನ್ನೆ ಸಿಡುಕಿದ್ದಾರೆ. ‘ನಾಳೆ ಒಂದು ದಿನ ನೋಡ್ತೀನಿ. ಆಮೇಲೆ ಇವಳನ್ನ ಕರ್ಕೊಂಡು ಬರಲ್ಲ.’

ಮೇಡಂ ಏಕೆ ತಿರುಗುತ್ತಾಳೆ ಎಂಬುದು ಅಕ್ಕನಿಗೆ ಗೊತ್ತು. ಸೊಂಟ ಹಿಡಿದಷ್ಟು ಹೊತ್ತೂ ಕಿವಿಯ ಬಳಿ ಏನಾದರೊಂದು ವಟಗುಟ್ಟುತ್ತಲೇ ಇರುತ್ತಾರೆ. ಬಾಯಿ ಮುಚ್ಚಿಕೊಂಡಿದ್ದರೆ ಹುಡುಗಿ ಇಷ್ಟು ಹೊತ್ತಿಗೆ ನಡೆಯುತ್ತಿದ್ದಳು. ಆದರೆ ಆ ಕತ್ತು ತನಗಾಗಿ ತಿರುಗುವುದು ಅವರಿಗೆ ಒಳಗೊಳಗೇ ಹಿತವಾಗಿತ್ತು.

ಇಂದು ಡಾಕ್ಟರಮ್ಮನೇ ಬಂದಿದ್ದಾರೆ. ‘ನೀನೇ ಎದುರಿಗೆ ಕೂತ್ಕೋ. ನಿನ್ನ ಹತ್ರ ಖಂಡಿತ ಬರ್ತಾಳೆ.’

ಎಷ್ಟೋ ವರ್ಷಗಳ ಆಸೆ ಕೈಗೆ ಬಂದಂತೆಯೇ. ಅಕ್ಕ ತಾಯಿಯತ್ತ ನೋಡುತ್ತಾರೆ. ಆ ಮುಖದಲ್ಲಿರುವ ಉರಿ ಅವರಿಗೆ ಹೊಸದಲ್ಲ. ‘ಅಮ್ಮನೇ ಕೂರಲಿ’ ಎಂದು ಹಿಂದೆ ಹೋಗಿ ಮಂಡಿಯೂರುತ್ತಾರೆ. ಬಾಯಿಗೆ ಬೀಗ. ಕೈ ಮೆಲ್ಲನೆ ಸೊಂಟ ಬಿಡುತ್ತದೆ.

‘ಅಕ್ಕಾ?’ ಎನ್ನುತ್ತಾಳೆ ಮೇಡಂ.

ಹಿಂದಿನಿಂದ ದನಿ ಬಾರದ್ದರಿಂದ ಕತ್ತು ತಿರುಗಿಸದೆ ಎದುರಿಗಿದ್ದ ತಾಯಿಯನ್ನೇ ಕೇಳುತ್ತಾಳೆ.

‘ಅಮ್ಮಾ, ಅಕ್ಕ ಎಲ್ಲಿ?’

‘ಬಾ ಇಲ್ಲಿ, ಹೇಳ್ತೀನಿ’ ಎಂದು ತಾಯಿ ಕೈ ಚಾಚುತ್ತಾರೆ.

ಕೇಳಲೆಂದೇ ಹೊರಡುತ್ತಾಳೆ ಹುಡುಗಿ. ಕಾಲೆಳೆಯುತ್ತಾ, ವಾಲುತ್ತಾ, ಗದರುವ ಮುಖ ಹೊತ್ತು ಅಷ್ಟೂ ದೂರ ನಡೆದು ತಾಯಿಯ ಮೇಲೆ ಬೀಳುತ್ತಾಳೆ. ‘ಎಲ್ಲಿ ಅಕ್ಕ? ಹೇಳು!’

ತಾಯಿ ಹೇಳುವುದಿಲ್ಲ. ಮಗಳ ತಲೆಯನ್ನು ಹೆಗಲಿಗೆ ಒತ್ತಿ ಹಿಡಿದು ಅಳುತ್ತಾರೆ, ಹಿಂದೆ ತಿರುಗಲು ಬಿಡುವುದಿಲ್ಲ.

ಅಕ್ಕ ಕಣ್ಣೊರೆಸಿಕೊಂಡು ಎದ್ದು ಬಾಗಿಲ ಬಳಿ ನಿಂತ ಡಾಕ್ಟರಮ್ಮನತ್ತ ಬರುತ್ತಾರೆ.

‘ಹೇಳಲ್ಲ ಅವ್ರು’ ಎಂದು ಪಿಸುಗುಟ್ಟುತ್ತಾರೆ. ‘ನಾನಾಗಿದ್ರೂ ಹೇಳ್ತಿರಲಿಲ್ಲ.’