ಮಧ್ಯದ ಪದದ ಮೇಷ್ಟ್ರು

ದೊಡ್ಡಬಳ್ಳಾಪುರದ ಚಲಪತಿ ಮೇಷ್ಟ್ರ ಮನೆಪಾಠಕ್ಕೆ ಸಿದ್ರಾ ಕಾಲಿಟ್ಟ ದಿನ, ಅವರು ಪಕ್ಕದ ಮಗ್ಗಗಳ ಸದ್ದನ್ನೂ ಮೀರಿಸಿ ಕೂಗುತ್ತಿದ್ದರು: "ಮಧ್ಯದ ಪದ ಒಡೀರ್ರೋ, ಎರಡೆರಡು ಗುಂಪು ಮಾಡ್ರೋ." ವರ್ಗಸಮೀಕರಣದ ನಡುವಿನ ಏಳು ಎಕ್ಸನ್ನು ಮೂರು ಎಕ್ಸ್, ನಾಲ್ಕು ಎಕ್ಸ್ ಎಂದು ಒಡೆದು ಎರಡು ಆವರಣಗಳೂ ಒಂದೇ ಆಗಿ ಬಂದರೆ, ಶಿವಗಂಗೆ ಬೆಟ್ಟ ಹತ್ತಿದವರಂತೆ ಬೆವರೊರೆಸಿಕೊಳ್ಳುವರು. ಒಡೆಯದ ಲೆಕ್ಕವೇನಿದ್ದರೂ ಅವರ ಮಟ್ಟಿಗೆ ಅಚ್ಚಿನ ತಪ್ಪು. ಏಳು ಎಕ್ಸಿನ ಮುಂದೆ ಕೊನೆಗೆ ಹನ್ನೊಂದಿದ್ದರೆ ಅದನ್ನು ಅಳಿಸಿ, ಮೂರು ನಾಲ್ಕಲೆ ಹನ್ನೆರಡು ಮಾಡಿದರೆ ಸರಿಹೋಯಿತು. ಸಿದ್ರಾ ಶಾಲೆಯ ಪರೀಕ್ಷೆಯಲ್ಲೂ ಹಾಗೆಯೇ ತಿದ್ದಿ ಆ ಲೆಕ್ಕಕ್ಕೆ ಸೊನ್ನೆ ತಂದಳು. "ಒಡೀದೇ ಇರೋದಕ್ಕೆ ಸೂತ್ರ ಹಾಕ್ಬೇಕಿತ್ತಂತೆ ಸಾರ್," ಎಂದಳು. ಮೇಷ್ಟ್ರು ಉತ್ತರಪತ್ರಿಕೆ ಮಡಿಚಿ ಅವಳ ಕೈಗೆ ಕೊಟ್ಟು, "ಅದು ನಂಗೆ ಬರಲ್ಲ ಕಣಮ್ಮ," ಎಂದರು. ಈಗ ಶಾಲೆಯಲ್ಲಿ ಕಲಿತ ಸೂತ್ರವನ್ನು ಸಿದ್ರಾ ಬೋರ್ಡಿನ ಮೇಲೆ ಬರೆಯುತ್ತಾಳೆ, ಮೇಷ್ಟ್ರು ಚಾಪೆಯ ಮೇಲೆ ಕೂತು ಬರೆದುಕೊಳ್ಳುತ್ತಾರೆ, ತಮಗೆ ಅರ್ಥವಾಗದಾಗಲೆಲ್ಲ ಪಕ್ಕದ ಹುಡುಗರತ್ತ ತಿರುಗಿ, "ಗೊತ್ತಾಯ್ತೇನ್ರೋ?" ಎಂದು ಗದರುತ್ತಾರೆ.