ಎರಡು ತಿರುವುಗಳ ನಡುವಿನ ನೂರು ಮೀಟರ್

ಬೆಳಿಗ್ಗೆ ಆರೂಕಾಲು. ರಸ್ತೆ ಇಲಾಖೆಯ ಎರಡನೇ ಮಹಡಿಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಇಡೀ ಕಚೇರಿಗೆ ರಸ್ತೆ ನಕ್ಷೆಯ ಸಾಫ್ಟ್‌ವೇರಿನ ಲೈಸೆನ್ಸ್ ಇರುವುದು ಒಂದೇ. ಹತ್ತು ಗಂಟೆಯಾದರೆ ಎಂಜಿನಿಯರುಗಳು ಅದಕ್ಕೆ ಮುಗಿಬೀಳುತ್ತಾರೆ. ಹಾಗಾಗಿ ನಕ್ಷೆ ಬರೆಯುವ ಈ ಹೆಂಗಸು ಕೋಳಿ ಕೂಗುವ ಹೊತ್ತಿಗೇ ಹಾಜರು. ಬಲಗೈ ಮೌಸಿನ ಮೇಲೆ, ಎಡಗೈ ಗಾಳಿಯಲ್ಲಿ ಇಲ್ಲದ ಸ್ಟೀರಿಂಗ್ ತಿರುಗಿಸುತ್ತಿದೆ. ಎಲ್ಲರ ಬಾಯಲ್ಲೂ ಆಕೆ ‘ತಿರುವಿನಕ್ಕ’. ನಿವೃತ್ತಿಗೆ ಇನ್ನು ಹನ್ನೊಂದೇ ದಿನ.

ನೇರ ರಸ್ತೆಯನ್ನು ದುಂಡನೆಯ ತಿರುವಿಗೆ ತಟಕ್ಕನೆ ಜೋಡಿಸುವಂತಿಲ್ಲ. ನಡುವೆ ನಿಧಾನವಾಗಿ ಬಾಗುತ್ತ ಹೋಗುವ ಸುರುಳಿಯೊಂದು ಬೇಕು. ಅದನ್ನು ಕೂರಿಸುವುದೇ ಅಕ್ಕನ ಕಸುಬು. ದಿನಕ್ಕೆ ಹತ್ತು ಹನ್ನೆರಡು. “ಸ್ಟೀರಿಂಗ್ ತಿರುಗಿಸೋಕೆ ಕೈಗೆ ಸ್ವಲ್ಪ ಹೊತ್ತು ಬೇಕಲ್ಲ? ಆ ಹೊತ್ತನ್ನ ರಸ್ತೆಯಲ್ಲೇ ಇಟ್ಟುಕೊಡ್ತೀನಿ, ಅಷ್ಟೆ.”

ಕೆಲಸಕ್ಕೆ ಸೇರಿದಾಗ ಕಂಪ್ಯೂಟರಿನ ಸುಳಿವೇ ಇರಲಿಲ್ಲ. ಪ್ಲಾಸ್ಟಿಕ್ಕಿನ ಬಾಗುಪಟ್ಟಿಗಳು, ಕೋಷ್ಟಕದ ಪುಸ್ತಕ, ತಪ್ಪಾದ ಇಂಕು ಕೆರೆಯಲು ಬ್ಲೇಡು, ಪ್ರಿಂಟು ತೆಗೆಯುವ ಕೋಣೆಯಲ್ಲಿ ಕಣ್ಣೀರು ತರಿಸುವ ಅಮೋನಿಯದ ಘಾಟು. ಆ ಘಾಟಿನ ಮಾತೆತ್ತಿದರೆ ಈಗಲೂ ತವರಿನ ಸುದ್ದಿ ಕೇಳಿದ ಹಾಗೆ ಮುಖ ಅರಳುತ್ತದೆ. ಆಕೆಯ ಬಗ್ಗೆ ಬರೆಯಲು ಬಂದ ನನಗೂ ಆ ಬ್ಲೇಡಿನ ಕಾಲವೇ ಚೆಂದ ಅನಿಸುತ್ತದೆ, ಕೆರೆದದ್ದು ನಾನಲ್ಲವಲ್ಲ.

ಆ ಕಾಲದ್ದೇ ಒಂದು ತಪ್ಪು ಮೂವತ್ತೊಂದು ವರ್ಷದಿಂದ ಆಕೆಯನ್ನು ಕೊರೆಯುತ್ತಿದೆ. ಗುಡ್ಡದ ರಸ್ತೆಯಲ್ಲಿ ಎಡಕ್ಕೊಂದು, ಬಲಕ್ಕೊಂದು ತಿರುವು. ಎರಡಕ್ಕೂ ಐವತ್ತೈವತ್ತು ಮೀಟರ್ ಸುರುಳಿ ಬೇಕಿತ್ತು. ನಡುವೆ ಇದ್ದದ್ದು ಅರವತ್ತೇ. ಸಾಹೇಬರಿಗೆ ಅವಸರ. ಈಕೆ ಎರಡನ್ನೂ ಮೂವತ್ತಕ್ಕೆ ಮೊಟಕು ಮಾಡಿ ನಕ್ಷೆ ಮುಗಿಸಿದರು. ಯಾರ ಜೀವವೂ ಹೋಗಲಿಲ್ಲ, ನಿಜ. ಆದರೆ ಅದೇ ದಾರಿಯಲ್ಲಿ ಬಸ್ಸು ಓಡಿಸುತ್ತಿದ್ದ ಗಂಡ, ನಿನ್ನ ತಿರುವಲ್ಲಿ ಇವತ್ತೂ ಒಬ್ಬ ಅಜ್ಜಿ ಸೀಟಿನಿಂದ ಜಾರಿದರು ಎಂದು ಊಟಕ್ಕೆ ಕೂತಾಗ ಕಾಲೆಳೆಯುತ್ತಿದ್ದರು. ಅವರಿಗೆ ತಮಾಷೆ. ಈಕೆ ತಟ್ಟೆ ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು.

ಈಗ ಆ ರಸ್ತೆ ಅಗಲವಾಗಬೇಕಿದೆ. ಕಡತ ತಿರುಗಿ ಈಕೆಯ ಮೇಜಿಗೇ ಬಂತು. ಸಾಫ್ಟ್‌ವೇರು ಕೂಡ ಮೂವತ್ತು ಮೂವತ್ತನ್ನೇ ಕೂರಿಸಿ, ಕನಿಷ್ಠ ಮಿತಿಗಿಂತ ಕಡಿಮೆಯಿಲ್ಲ ಎಂದು ಹಸಿರು ತೋರಿಸಿತು. ಅಕ್ಕ ಒಪ್ಪಲಿಲ್ಲ. ಒಂದು ತಿರುವನ್ನು ಇಲಾಖೆಯದೇ ಜಲ್ಲಿ ಅಂಗಳದೊಳಕ್ಕೆ ಸರಿಸಿದರೆ ನಡುವೆ ನೂರು ಮೀಟರ್ ಸಿಗುತ್ತದೆ. ಎಂಟು ದಿನ ಅದಕ್ಕೇ ಜೋತುಬಿದ್ದರು. ಸರಿಯಾಗಿರುವುದನ್ನು ಯಾಕೆ ಕೆದಕುತ್ತೀರಿ, ನೆಮ್ಮದಿಯಾಗಿ ಮನೆಗೆ ಹೋಗಿ ಎಂದು ಹಿರಿಯ ಎಂಜಿನಿಯರು ಎರಡು ಸಲ ವಾಪಸ್ ಕಳಿಸಿದರು. ಮೂರನೇ ಸಲ ಅಕ್ಕ ಹೇಳಿದ್ದು ಇಷ್ಟೇ: “ಅದು ಸರಿಯಿಲ್ಲ ಸಾರ್. ಗೀಚಿದೋಳು ನಾನೇ.”

ನಿನ್ನೆ ಸಂಜೆ ಸಹಿ ಬಿತ್ತು. ಇನ್ನೇನು ಆಸೆ ಎಂದು ಕೇಳಿದೆ. ಅಕ್ಕ ಮೌಸು ಬಿಟ್ಟು ನನ್ನತ್ತ ತಿರುಗಿದರು.

“ರಸ್ತೆ ಮುಗಿದ ಮೇಲೆ ಒಂದ್ಸಲ ಬಸ್ಸಲ್ಲಿ ಆ ಕಡೆ ಹೋಗ್ಬೇಕು. ಆ ಜಾಗ ದಾಟೋವಾಗ ನಂಗೆ ನಿದ್ದೆ ಹತ್ತಿದ್ರೆ ಸಾಕು.”