ಹಸಿರು ಚುಕ್ಕಿಯ ಪಕ್ಕದ ಜೋಡಿಕಣ್ಣು

ನಂಬುವುದು ಬಿಡುವುದು ನಿಮಗೆ ಸೇರಿದ್ದು. ದೆವ್ವ-ಗಿವ್ವ ಅಂದರೆ ನಕ್ಕುಬಿಡುವ ಹೆಂಗಸು ನಾನು. ಬೆಳಗಾವಿಯ ಸಣ್ಣ ಲ್ಯಾಬೊಂದರಲ್ಲಿ ಗಂಟು-ಗಡ್ಡೆಗಳ ತುಣುಕನ್ನು ಮೈಕ್ರೋಸ್ಕೋಪಿನಡಿ ನೋಡಿ ರಿಪೋರ್ಟ್ ಬರೆಯುವ ಡಾಕ್ಟರು. ಗಾಜಿಗೆ ಅಂಟಿದ ಸತ್ತ ಜೀವಕೋಶ ಅಲುಗುವುದಿಲ್ಲ. ಆದರೆ ಆ ರಾತ್ರಿ...

ಖಾನಾಪುರದ ರೇಣುಕಾಳ ಕುತ್ತಿಗೆಯಲ್ಲಿ ಗಂಟೆದ್ದಿತ್ತು. ಅಲ್ಲಿನ ಡಾಕ್ಟರು ಟಿ.ಬಿ. ಇರಬೇಕೆಂದು ತಿಂಗಳುಗಟ್ಟಲೆ ಗುಳಿಗೆ ಕೊಟ್ಟರು. ಗಂಟು ಕರಗಲಿಲ್ಲ, ಅವಳೇ ಕರಗಿದಳು. ಪರೀಕ್ಷೆಗೆ ಇಡೀ ಗಂಟನ್ನೇ ತೆಗೆದು ಕಳಿಸಿ ಎಂದು ಅವರಿಗೆ ಬಡಕೊಂಡಿದ್ದೆ. ನನಗೆ ಬಂದದ್ದು ಅವರೆಕಾಳಿನಷ್ಟು ಚೂರು. ಮೈಯೆಲ್ಲ ಉರಿದುಹೋಯಿತು.

ಸಂಜೆ ಅವಳೇ ಫೋನ್ ಮಾಡಿದಳು. "ಬಾಯಾರ, ಏನರ ತಿಳೀತೇನ್ರಿ? ಗುಳಿಗಿ ನುಂಗಿ ನುಂಗಿ ಸಾಕಾಗೇತ್ರಿ."

"ನಾಳೆ ಮುಂಜಾನೆ ಹೇಳ್ತೀನವ್ವಾ," ಅಂದೆ.

ನಾನು ಹುಡುಕುತ್ತಿದ್ದುದು ಒಂದೇ ಒಂದು ದೈತ್ಯ ಕೋಶವನ್ನು. ಒಂದು ಮೈ, ಗೂಬೆಯ ಕಣ್ಣಿನಂಥ ಎರಡು ನ್ಯೂಕ್ಲಿಯಸ್. ಅದು ಸಿಕ್ಕರೆ ಲಿಂಫೋಮಾ ಎಂಬ ಕ್ಯಾನ್ಸರು, ಅದಕ್ಕೆ ಬೇರೆಯೇ ಔಷಧಿ. ಸಿಗದಿದ್ದರೆ ಮತ್ತದೇ ಗುಳಿಗೆ, ಮತ್ತಷ್ಟು ಕರಗುವುದು.

ಎರಡು ಬೇರೆ ಕೋಶಗಳು ಕೂಡಿ ಈ ದೈತ್ಯ ಹುಟ್ಟುತ್ತದೆ ಎಂದು ಹಲವರು ನಂಬಿದ್ದರು. ಬದುಕಿರುವ ಕೋಶಗಳನ್ನು ಚಿತ್ರೀಕರಿಸಿದಾಗ ಹೆಚ್ಚಾಗಿ ಕಂಡದ್ದು ಬೇರೆ. ಒಂದೇ ಕೋಶ ಎರಡಾಗಲು ಹೊರಡುತ್ತದೆ. ಮರಿಗಳು ದೂರವೂ ಸರಿಯುತ್ತವೆ. ಆದರೆ ನಡುವೆ ಬೆಲ್ಲದ ಪಾಕದಂಥ ಎಳೆಯೊಂದು ಹರಿಯದೆ ಉಳಿದು, ಅವು ತಿರುಗಿ ಬಂದು ಒಂದಾಗಿಬಿಡುತ್ತವೆ. ಇದೆಲ್ಲ ಜೀವವಿರುವಾಗಿನ ಮಾತು. ನನ್ನ ಗಾಜಿನ ಮೇಲಿನವು, ಚೂರು ಕೊಳೆಯದಂತೆ ಅದ್ದಿಡುವ ಫಾರ್ಮಲಿನ್ನಿನಲ್ಲಿ ಎಂದೋ ಸತ್ತವು.

ಫಾರ್ಮಲಿನ್ನಿನ ಘಾಟು, ಫ್ರಿಜ್ಜಿನ ಗುಂಯ್ ಸದ್ದು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದೆ. ಕೊನೆಗೂ ಸಿಕ್ಕಿತು... ಜೋಡಿಕಣ್ಣು. ಪಕ್ಕದಲ್ಲೇ ಹಸಿರು ಮಸಿಯ ಚುಕ್ಕಿ ಇಟ್ಟು ಉಸಿರು ಬಿಟ್ಟೆ.

ಅಷ್ಟರಲ್ಲಿ ಕರೆಂಟು ಹೋಯಿತು. ಫ್ರಿಜ್ಜಿನ ಸದ್ದೂ ನಿಂತಿತು. ಕತ್ತಲಲ್ಲಿ ಕೆಇಬಿಯವರನ್ನು ಬೈಯುತ್ತ ಕೂತೆ.

ದೀಪ ಬಂದಾಗ ಕಣ್ಣಿಟ್ಟೆ. ಅದೇ ಚುಕ್ಕಿ. ಪಕ್ಕದಲ್ಲಿ ಎರಡು ಕೋಶ. ಬೇರೆ ಬೇರೆ... ನಡುವೆ ಸಣ್ಣದೊಂದು ಎಳೆ.

ನಾನು ಗಾಜು ಮುಟ್ಟಿರಲಿಲ್ಲ. ಮೊಬೈಲಿನಿಂದ ಫೋಟೊ ತೆಗೆದೆ. ಭಯಕ್ಕಿಂತ ಸಿಟ್ಟೇ ಜಾಸ್ತಿಯಾಗಿತ್ತು. ಸಿಕ್ಕ ಒಂದು ಸಾಕ್ಷಿಯೂ ಹೀಗೆ ಕೈಕೊಟ್ಟರೆ ಆ ಹುಡುಗಿಗೆ ಏನು ಹೇಳಲಿ?

ಅನುಮಾನವಿದ್ದರೆ ಇನ್ನೊಬ್ಬರಿಗೆ ತೋರಿಸುವುದು ನಮ್ಮ ಪದ್ಧತಿ. ಇದೇ ಊರಿನ ರಾಮತೀರ್ಥ ನಗರದಲ್ಲಿರುವ ನನ್ನ ಗುರುಗಳು ಪಾಟೀಲ ಸರ್, ಫೋನಿನಲ್ಲಿ ಎಲ್ಲ ಕೇಳಿ, ಆ ರಾತ್ರಿಯೇ ಗೊಣಗುತ್ತ ಬಂದು ನೋಡಿದರು.

"ಜೋಡಿಕಣ್ಣು ಚೊಲೋ ಕಾಣಾಕತ್ತೇತಲ್ಲ. ಎಲ್ಲೈತಿ ನಿನ್ನ ಎಳಿ?"

ನಾನು ಬಗ್ಗಿದೆ. ಒಂದೇ ಮೈ. ಎರಡು ಕಣ್ಣು.

ಫೋಟೊ ತೋರಿಸಿದೆ. ಎಳೆ ಅದರಲ್ಲಿತ್ತು, ಹಸಿರು ಚುಕ್ಕಿಯೂ ಇತ್ತು. ಸರ್ ಒಮ್ಮೆ ಫೋಟೊ, ಒಮ್ಮೆ ಗಾಜು ನೋಡಿದರು. "ಇದನ್ನ ಯಾರಿಗೂ ತೋರಸಬ್ಯಾಡವ್ವಾ," ಅಂದರು ಮೆಲ್ಲಗೆ. "ಉಳದ ಚೂರಿಗೆ ಬ್ಯಾರೆ ಬಣ್ಣ ಹಾಕಿಸಿ ನೋಡು."

ಕೋಶದ ಜಾತಿ ಗುರುತಿಸುವ ಆ ಬಣ್ಣದ ಪರೀಕ್ಷೆಯಲ್ಲಿ ಲಿಂಫೋಮಾ ಖಚಿತವಾಯಿತು. ಚಿಕಿತ್ಸೆ ಶುರುವಾಯಿತು.

ಚಿಕಿತ್ಸೆ ಮುಗಿದ ಮೇಲೆ ರೇಣುಕಾ ನಮ್ಮ ಕಡೆಯ ಸಿಹಿ ಕುಂದಾದ ಡಬ್ಬಿ ತಂದು ಕೊಟ್ಟಳು. ತಲೆಯ ಮೇಲೆ ಹೊಸ ಕೂದಲು. ನಗುನಗುತ್ತಲೇ ಹೇಳಿದಳು:

"ನಿಮಗ ಫೋನ್ ಮಾಡಿದ ರಾತ್ರಿ ಏನೋ ಒಂಥರಾ ಆತ್ರಿ ಬಾಯಾರ. ಗಂಟ ಇದ್ದ ಜಾಗಾದಾಗ ಯಾರೋ ಎಳಿ ಹಿಡದು ಜಗ್ಗಿದಂಗ... ದೂರ ಹೋಗಿ, ಮತ್ತ ತಿರಗಿ ಬಂದಂಗ."

ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದವಳು ಅದನ್ನು ಮೇಜಿನ ಮೇಲಿಟ್ಟೆ. ಆ ಫೋಟೊದ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ.

"ಅದು ಮತ್ತ ಬರಂಗಿಲ್ಲಲ್ರೀ?"

"ಬರಂಗಿಲ್ಲವ್ವಾ," ಅಂದೆ. ಹೇಳುವಾಗ ನನ್ನ ಕಣ್ಣು ಅವಳ ಕುತ್ತಿಗೆಯ ಹೊಲಿಗೆಯ ಗುರುತಿನ ಮೇಲೇ ಇತ್ತು.